ಗಾಜಿನ ಏಣಿಗೆ ಬಳಿದ ಬಣ್ಣ

ಆ ಏಣಿಗೆ ಬಣ್ಣ ಬಳಿಯೆಂದು ನುಣುಪಪ್ಪನಿಗೆ ಯಾರೂ ಹೇಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಮಗಳನ್ನೋ ಅಳಿಯನನ್ನೋ ಸುಮ್ಮನೆ ಬೈದುಕೊಳ್ಳುತ್ತೀರಿ. ಬಳಿಯಬೇಡ ಎಂದೂ ಯಾರೂ ಹೇಳಿರಲಿಲ್ಲ, ಅದು ಬೇರೆ ಮಾತು. ಕೆಲಸವಿಲ್ಲದೆ ಕೂತ ಪೇಂಟರ್ ಮುದುಕನೊಬ್ಬ ಮನೆಯಲ್ಲಿರುವಾಗ ಬಣ್ಣ ಮಾಸಿದ ಯಾವ ಸಾಮಾನನ್ನೂ ಹಿತ್ತಲಲ್ಲಿ ಬಿಟ್ಟು ಹೋಗಬಾರದು. ಅಷ್ಟು ಬುದ್ಧಿ ಬೇಡವೇ ಮನೆಯವರಿಗೆ?

ನುಣುಪಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬಿರುಕು ಮುಚ್ಚುವ ಪುಟ್ಟಿ ಎಳೆದು ಅವನು ಉಜ್ಜಿದ ಗೋಡೆಯ ಮೇಲೆ ಬೆರಳಾಡಿಸಿದರೆ ಎಲ್ಲಿಯೂ ತಡೆಯುತ್ತಿರಲಿಲ್ಲ, ಅದಕ್ಕೆ ಜೊತೆಯ ಪೇಂಟರುಗಳು ಇಟ್ಟ ಹೆಸರು. ಸೀಳು ಬಿಟ್ಟ ಗೋಡೆ, ಹುಳ ತಿಂದ ಬಾಗಿಲು, ತುಕ್ಕು ಹಿಡಿದ ಗೇಟು, ಏನೇ ಕೊಡಿ, ಮುಗಿಸಿ ಕೈ ಒರೆಸಿಕೊಂಡನೆಂದರೆ "ಎಲ್ಲಿತ್ತಪ್ಪ ಅದು?" ಎಂದು ಮನೆ ಯಜಮಾನರೇ ತಡಕಾಡಬೇಕು. ಬಾಯಿ ಮಾತ್ರ ಕೈಯಷ್ಟು ನುಣುಪಲ್ಲ. ಇನ್ನೊಬ್ಬರ ಕೆಲಸವನ್ನು ಅವನು ಹೊಗಳಿದ್ದನ್ನು ಕಂಡವರಿಲ್ಲ, ಮಗನ ಕೆಲಸವನ್ನಂತೂ ಇಲ್ಲವೇ ಇಲ್ಲ.

ಮಗನೂ ಪೇಂಟರೇ. ಚಿಕ್ಕಂದಿನಿಂದ ಅಪ್ಪನ ಜೊತೆಯಲ್ಲೇ ಕಲಿತವನು. ಗೋಡೆ ಮುಗಿಸಿ ಅಪ್ಪನ ಮುಖ ನೋಡುತ್ತ ನಿಂತುಕೊಳ್ಳುತ್ತಿದ್ದ. ಅಪ್ಪ ಕತ್ತು ಓರೆ ಮಾಡಿ, ಬೆಳಕು ಬೀಳುವ ಕಡೆಯಿಂದ ಒಮ್ಮೆ ನೋಡಿ, ಬೀಳದ ಕಡೆಯಿಂದ ಒಮ್ಮೆ ನೋಡಿ, ಬೆರಳಾಡಿಸಿ, ಕೊನೆಗೆ ಯಾವುದೋ ಮೂಲೆಯಲ್ಲಿ ನಿಂತು "ಇದೇನೋ ಇದು?" ಎನ್ನುತ್ತಿದ್ದ. ಹೊಗಳಿದರೆ ಕೈ ಕೆಡುತ್ತದೆ ಎಂದು ಅವನ ನಂಬಿಕೆ. ಅವನ ಮೇಸ್ತ್ರಿ ಅವನನ್ನು ಹಾಗೆ ಬೆಳೆಸಿದ, ಅವನು ಮಗನನ್ನು ಹಾಗೆ ಬೆಳೆಸಿದ. ಮಗ ಒಳ್ಳೆಯ ಕೆಲಸಗಾರನಾದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೀಸೆ ಬೆಳ್ಳಗಾಗತೊಡಗಿದ ಮೇಲೂ, ಅಪ್ಪ ಬರುವುದು ಕಂಡರೆ ಗೋಡೆಯ ಮುಂದೆ ಅಡ್ಡ ನಿಲ್ಲುತ್ತಿದ್ದ.

ಈಚೆಗೆ ನುಣುಪಪ್ಪನ ಕೈ ನಡುಗಲು ಶುರುವಾಯಿತು. ಚಹಾದ ಲೋಟ ಹಿಡಿದರೆ ಅರ್ಧ ನೆಲಕ್ಕೆ. ಡಾಕ್ಟರು ಗುಳಿಗೆ ಕೊಟ್ಟರು, ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳುವುದಕ್ಕೇ ಕೈ ನಡುಗುತ್ತಿತ್ತು. ಮಗನ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಹಾಗಾಗಿ ಮಗಳ ಮನೆಗೆ ಬಂದು ಸೇರಿಕೊಂಡ. ಮಗಳು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು. ಎಷ್ಟು ಚೆನ್ನಾಗಿ ಎಂದರೆ, ಕೂತಲ್ಲಿಗೆ ಊಟ, ಕೂತಲ್ಲಿಗೆ ನೀರು, "ನೀನೇನೂ ಮುಟ್ಟಬೇಡಪ್ಪ, ಸುಮ್ನೆ ಕೂತ್ಕೋ" ಎನ್ನುವ ಮಾತು ದಿನವಿಡೀ. ಜೀವನಪೂರ್ತಿ ಗೋಡೆ ಮುಟ್ಟಿದವನಿಗೆ ಏನೂ ಮುಟ್ಟಬೇಡ ಎಂದರೆ ಅವನು ಏನು ಮಾಡಬೇಕು ಹೇಳಿ. ನಡುಗುವ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಹಿತ್ತಲನ್ನು ನೋಡುತ್ತ ಕೂರುತ್ತಿದ್ದ.

ಹಿತ್ತಲಲ್ಲಿ ಇದ್ದದ್ದು ಅಳಿಯನ ಸಾಮ್ರಾಜ್ಯ. ಅಳಿಯ ಎಲೆಕ್ಟ್ರಿಷಿಯನ್. ಕಂಬದಿಂದ ಮನೆಗೆ ಬರುವ ತಂತಿ, ಬೀದಿದೀಪ, ಅಂಗಡಿಗಳ ಬೋರ್ಡಿನ ಲೈಟು, ಹೀಗೆ ಯಾವಾಗಲೂ ಮೇಲೆ ನೇತಾಡುವ ಕೆಲಸವೇ. ಅವನ ಬಳಿ ಎರಡು ಹಳದಿ ಏಣಿಗಳಿದ್ದವು, ಎರಡೂ ಫೈಬರ್‌ಗ್ಲಾಸಿನವು. ಮದುವೆ ಮಾತುಕತೆಯ ಕಾಲದಲ್ಲೇ ಅವನು ಅವುಗಳ ಸುದ್ದಿ ತೆಗೆದಿದ್ದ. "ಗಾಜಿನ ಏಣಿ ಹತ್ತೋ ಅಳಿಯನಾ? ಮಗಳನ್ನ ಕೊಡೋದಕ್ಕೆ ಮುಂಚೆ ಯೋಚನೆ ಮಾಡ್ಬೇಕಪ್ಪ" ಎಂದು ನುಣುಪಪ್ಪ ನಕ್ಕಿದ್ದ. ಆಮೇಲೆ ನಗುವುದನ್ನು ಬಿಟ್ಟ. ಯಾಕೆಂದರೆ ಅಳಿಯ ಊಟಕ್ಕೆ ಕೂತಾಗಲೆಲ್ಲ ಹಿಡಿದು ಕೂರಿಸಿ ಪಾಠ ಮಾಡುತ್ತಿದ್ದ.

"ಹಿಂದೆಲ್ಲ ಮರದ ಏಣಿ ಮಾವ. ನೀವು ಹತ್ತಿದ್ದೂ ಅದೇ ಅಲ್ವಾ?"

"ಅದೇ. ಎತ್ತೋಕೆ ಇಬ್ರು ಬೇಕಾಗಿತ್ತು. ಒದ್ದೆ ಆದ್ರೆ ಕೊಳೆಯೋದು, ಒಣಗಿದ್ರೆ ಬಿರಿಯೋದು. ಆದ್ರೂ ಒಂದು ಗುಣ ಇತ್ತು, ಮುರಿಯೋಕೆ ಮುಂಚೆ ಕಿರ್ ಅಂತ ಕೂಗಿ ಹೇಳೋದು."

"ಆಮೇಲೆ ಬಂತು ನೋಡಿ ಅಲ್ಯೂಮಿನಿಯಂ. ಹಗುರ, ಒಂದೇ ಕೈಲಿ ಎತ್ಬಹುದು. ಜನ ಮರದ್ದನ್ನೆಲ್ಲ ಒಲೆಗೆ ಹಾಕಿದ್ರು."

ಇಲ್ಲಿ ಅಳಿಯ ಮಾತು ನಿಲ್ಲಿಸುತ್ತಿದ್ದ. ನುಣುಪಪ್ಪನ ತಮ್ಮ ಹೋದದ್ದು ಅಲ್ಯೂಮಿನಿಯಂ ಏಣಿಯಿಂದ ಎನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು. ತಮ್ಮ ಏಣಿಯನ್ನು ಹತ್ತಿಯೂ ಇರಲಿಲ್ಲ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಿಲ್ಲಿಸಿಕೊಂಡೇ ಒಯ್ಯುತ್ತಿದ್ದ, ಹಗುರವಾಗಿತ್ತಲ್ಲ. ತುದಿ ಹೋಗಿ ಮೇಲಿನ ತಂತಿಗೆ ತಗುಲಿತು. ಬಣ್ಣದ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದ ಅಣ್ಣನಿಗೆ "ಲೋ" ಎನ್ನುವಷ್ಟೂ ವ್ಯವಧಾನ ಸಿಗಲಿಲ್ಲ.

"ಅಂಥದ್ದೆಲ್ಲ ಆಗಿ ಆಗಿಯೇ ಮಾವ, ಇದು ಬಂದಿದ್ದು" ಎಂದು ಅಳಿಯ ಮುಂದುವರಿಸುತ್ತಿದ್ದ. "ಗಾಜನ್ನ ಕರಗಿಸಿ ಕೂದಲಿನ ಥರ ಎಳೆ ತೆಗೀತಾರೆ. ಆ ಎಳೆಗಳನ್ನ ಅಂಟಿನಲ್ಲಿ ಅದ್ದಿ ಅಚ್ಚಿಗೆ ಹಾಕಿ ಗಟ್ಟಿ ಮಾಡ್ತಾರೆ. ಮೊದಲು ದೋಣಿಗೆಲ್ಲ ಮಾಡ್ತಿದ್ರಂತೆ, ಆಮೇಲೆ ಏಣಿಗೂ ಬಂತು. ಕರೆಂಟು ಹರಿಯಲ್ಲ, ಹುಳ ತಿನ್ನಲ್ಲ, ತುಕ್ಕು ಹಿಡಿಯಲ್ಲ. ತಂತಿ ಪಕ್ಕ ಕೆಲಸ ಮಾಡೋನಿಗೆ ಇದಕ್ಕಿಂತ ದೇವರಿಲ್ಲ."

"ಭಾರ ಎಷ್ಟು! ಹೆಗಲು ಕಿತ್ಕೊಂಡು ಬರುತ್ತೆ" ಎಂದು ಮಗಳು ಒಳಗಿನಿಂದ ಕೂಗುತ್ತಿದ್ದಳು. "ಬೆಲೆ ಕೇಳಿದ್ರೆ ಅಲ್ಲೇ ಬೀಳ್ತೀಯಪ್ಪ!"

ಅಳಿಯ ಹೆಂಡತಿಯ ಮಾತಿಗೆ ಕೈ ಬೀಸುತ್ತಿದ್ದ. ಅವನು ಮೆಚ್ಚಿದ್ದರ ಕೊರತೆ ಹೇಳುವ ಜಾಯಮಾನದವನಲ್ಲ. ಮಾವ ಮೆಚ್ಚಿದ್ದರ ಗುಣ ಹೇಳುವ ಜಾಯಮಾನದವನಲ್ಲ. ಇಂಥವರಿಬ್ಬರು ಒಂದೇ ಮನೆಯಲ್ಲಿದ್ದರು ನೋಡಿ. ಹೀಗಾಗಿ ಆ ಏಣಿಯ ಒಂದು ಕೆಟ್ಟ ಗುಣ ನುಣುಪಪ್ಪನ ಕಿವಿಗೆ ಬೀಳಲೇ ಇಲ್ಲ. ಬಿಸಿಲು ಅದರ ಶತ್ರು. ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ಮೇಲಿನ ಅಂಟು ಸವೆದು ಗಾಜಿನ ಎಳೆಗಳು ಹೊರಗೆ ಬರುತ್ತವೆ, ಒಳಗೊಳಗೇ ಸೀಳು ಬಿಡುತ್ತದೆ. ಅಲ್ಯೂಮಿನಿಯಂ ಬಗ್ಗಿ ತೋರಿಸುತ್ತದೆ, ಮರ ಕೂಗಿ ಹೇಳುತ್ತದೆ. ಇದು ಎರಡನ್ನೂ ಮಾಡುವುದಿಲ್ಲ. ಇದ್ದಷ್ಟು ದಿನ ಕಲ್ಲಿನ ಹಾಗೆ ಇದ್ದು, ಹೋಗುವ ದಿನ ಒಂದೇ ಸಲಕ್ಕೆ ಹೋಗುತ್ತದೆ. ಅದಕ್ಕೇ ಅದಕ್ಕೆ ಬಣ್ಣ ಬಳಿಯಬಾರದು, ಬಳಿದರೆ ಸೀಳು ಕಣ್ಣಿಗೆ ಬೀಳುವುದಿಲ್ಲ.

ಎರಡು ಏಣಿಗಳಲ್ಲಿ ಹಳೆಯದಕ್ಕೆ ಹಾಗೇ ಆಗಿತ್ತು. ಕೆಲಸದ ವ್ಯಾನಿನ ತಲೆಯ ಮೇಲೆ ಬಿಸಿಲು ತಿಂದು ತಿಂದು ಅದರ ಹಳದಿ ಸುಣ್ಣದಂತಾಗಿತ್ತು, ಮುಟ್ಟಿದರೆ ಎಳೆ ಚುಚ್ಚುತ್ತಿತ್ತು, ಒಂದು ಕಾಲಿನಲ್ಲಿ, ಮೆಟ್ಟಿಲು ಕೂಡುವ ಕಡೆ, ಕೂದಲೆಳೆಯಷ್ಟು ಸೀಳು. ಅಳಿಯ ಅದನ್ನು ಕಂಡ ದಿನವೇ ಹತ್ತುವುದು ಬಿಟ್ಟ. ಅವರ ಕಸುಬಿನಲ್ಲಿ ಸತ್ತ ಏಣಿಯನ್ನು ಮಾರುವುದಿಲ್ಲ, ಗುಜರಿಗೂ ಇಡಿಯಾಗಿ ಹಾಕುವುದಿಲ್ಲ. ಯಾರಾದರೂ ಎತ್ತಿಕೊಂಡು ಹೋಗಿ ಹತ್ತಿಬಿಟ್ಟರೆ? ಅದಕ್ಕೆ ನಡುವೆ ಗರಗಸ ಹಾಕಿ ಎರಡು ತುಂಡು ಮಾಡಿಯೇ ಬಿಸಾಡುವುದು. ಕೊಯ್ಯುವಾಗ ಏಳುವ ಗಾಜಿನ ಪುಡಿ ಮೈಗೆ ಬಿದ್ದರೆ ತುರಿಕೆ, ಮನೆಯಲ್ಲಿ ಮಗು ಬೇರೆ ಇದೆ. ಗಾಳಿ ಇಲ್ಲದ ದಿನ ನೋಡಿ ಕೊಯ್ದರಾಯಿತು ಎಂದು ಅದನ್ನು ಹಿತ್ತಲ ಗೋಡೆಗೆ ಒರಗಿಸಿ, ಸತ್ತಿದೆ ಎನ್ನುವ ಗುರುತಿಗೆ ಒಂದು ಮೆಟ್ಟಿಲಿಗೆ ಕೆಂಪು ಬಟ್ಟೆ ಕಟ್ಟಿದ. ಅವನ ಜೊತೆ ಕೆಲಸ ಮಾಡುವ ಯಾರೇ ಆದರೂ ಆ ಬಟ್ಟೆ ಕಂಡರೆ ಏಣಿಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಪೇಂಟರುಗಳ ಕಸುಬು ಬೇರೆ. ಅವರು ಏಣಿಗೆ ಬಟ್ಟೆ ಕಟ್ಟುವುದು ಕೈ ಒರೆಸಿಕೊಳ್ಳುವುದಕ್ಕೆ.

ನುಣುಪಪ್ಪ ಅದನ್ನು ನೋಡಿದ. ದಿನಾ ನೋಡಿದ. ಮಾಸಿದ ಬಣ್ಣ, ಎದ್ದ ಎಳೆ, ಒಂದು ಸಣ್ಣ ಬಿರುಕು, ಮೇಲೊಂದು ಬಟ್ಟೆ. ಪಾಪ, ಅಳಿಯನಿಗೆ ಪುರುಸೊತ್ತಿಲ್ಲ, ರಿಪೇರಿಗೆ ಇಟ್ಟುಕೊಂಡಿದ್ದಾನೆ ಎಂದುಕೊಂಡ. ಗೋಡೆಯಲ್ಲಿ ಇಂಥ ಬಿರುಕು ಎಷ್ಟು ನೋಡಿಲ್ಲ ಅವನು! ಮೇಲ್ಪದರದ್ದು, ಒಳಗಿನ ಇಟ್ಟಿಗೆಗೆ ಏನೂ ಆಗಿರುವುದಿಲ್ಲ. ಒಂದು ದಿನ ಮಗಳು ಮಗುವನ್ನು ಕರೆದುಕೊಂಡು ಹೊರಗೆ ಹೋದದ್ದೇ ತಡ, ಏಣಿಯನ್ನು ಒಂದೊಂದೇ ತುದಿ ಎತ್ತಿ ಎರಡು ಸ್ಟೂಲಿನ ಮೇಲೆ ಮಲಗಿಸಿದ. ತನ್ನ ಹಳೆಯ ಚೀಲ ಬಿಚ್ಚಿದ. ಎಮರಿ ಪೇಪರಿನಿಂದ ಉಜ್ಜಿ, ಪುಟ್ಟಿ ತುಂಬಿ, ಒಣಗಿಸಿ, ಮತ್ತೆ ಉಜ್ಜಿ, ಮತ್ತೆ ತುಂಬಿದ.

ಮತ್ತೊಂದು ವಿಷಯ. ಮಲಗಿಸಿದ ಏಣಿಯ ಮೇಲೆ ಎರಡೂ ಮೊಣಕೈ ಊರಿದರೆ ಕೈ ನಡುಗುವುದು ಕಡಿಮೆಯಾಗುತ್ತಿತ್ತು. ಅದು ಗೊತ್ತಾದಾಗ ನುಣುಪಪ್ಪನಿಗೆ ಅಳು ಬಂತು. ಯಾರೂ ಇರಲಿಲ್ಲ, ಸ್ವಲ್ಪ ಅತ್ತ. ಆಮೇಲೆ ದಿನಾ ಮಗಳ ಕಣ್ಣು ತಪ್ಪಿಸಿ ಹಿತ್ತಲಿಗೆ ಹೋಗತೊಡಗಿದ. ಅಳಿಯ ಮನೆಗೆ ಬರುವಾಗ ಕತ್ತಲಾಗಿರುತ್ತಿತ್ತು, ಹಿತ್ತಲ ಕಡೆ ನೋಡುತ್ತಿರಲಿಲ್ಲ. ಹಳದಿ ಆಯಿಲ್ ಪೇಂಟ್ ಒಂದು ಕೋಟು, ಇನ್ನೊಂದು ಕೋಟು. ಕೆಂಪು ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಬಟ್ಟೆ ತೀರ ಕೊಳೆಯಾದಾಗ ಎಸೆದ. ಕೊನೆಗೆ ಕಣ್ಣು ಮುಚ್ಚಿಕೊಂಡು ಉದ್ದಕ್ಕೂ ಬೆರಳಾಡಿಸಿದ. ಬಿರುಕು ಎಲ್ಲಿತ್ತೆಂದು ಅವನಿಗೇ ಸಿಗಲಿಲ್ಲ. ಬಹಳ ದಿನಗಳ ಮೇಲೆ ಅವನ ಹೊಟ್ಟೆ ತಣ್ಣಗಾಯಿತು.

ಮಾರನೆಯ ಬೆಳಿಗ್ಗೆಯೇ ಮಗ ಬಂದ. ಅಳಿಯ ಆಗಲೇ ಕೆಲಸಕ್ಕೆ ಹೋಗಿದ್ದ, ಮಗಳು ಮಗುವನ್ನು ಶಾಲೆಗೆ ಬಿಡಲು ಹೋಗಿದ್ದಳು.

"ಅಪ್ಪಾ, ಭಾವನ ಏಣಿ ಬೇಕಾಗಿತ್ತು. ಬಸ್ ನಿಲ್ದಾಣದ ಎದುರು ಬಟ್ಟೆ ಅಂಗಡಿ ಇದೆಯಲ್ಲ, ಅದರ ಮುಂಭಾಗ ಪೂರ್ತಿ ನನಗೇ ಕೊಟ್ಟಿದ್ದಾರೆ. ಕೆಳಗಡೆ ಎಲ್ಲ ಮುಗೀತು. ಮೇಲ್ಗಡೆ ತಂತಿ ಹತ್ತಿರ ಇದೆ. ನನ್ನ ಏಣಿ ಅಲ್ಯೂಮಿನಿಯಂದು..."

"ಅದನ್ನ ತಗೊಂಡು ಹೋದ್ರೆ ಕಾಲು ಮುರೀತೀನಿ!" ನುಣುಪಪ್ಪ ಎದ್ದೇ ನಿಂತ. "ನಿನ್ನ ಚಿಕ್ಕಪ್ಪನ್ನ ನುಂಗಿದ್ದು ಸಾಲದಾ? ಬಾ ಇಲ್ಲಿ."

ಹಿತ್ತಲಿಗೆ ಕರೆದೊಯ್ದು ತೋರಿಸಿದ. ಬೆಳಗಿನ ಬಿಸಿಲಿಗೆ ಏಣಿ ಆಗ ತಾನೇ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಮಗ ಅದರ ಮೇಲೆ ಬೆರಳಾಡಿಸಿದ.

"ಹೊಸದಾ ಅಪ್ಪ?"

"ಹೊಸದು ಅಂತಲೇ ತಿಳ್ಕೋ" ಎಂದ ನುಣುಪಪ್ಪ. ಎದೆಯುಬ್ಬಿಸಿ ಹೇಳಿದ, ಮುಚ್ಚುಮರೆ ಯಾಕೆ. ಎಷ್ಟೋ ದಿನದಿಂದ ಮಕ್ಕಳ ಕೈಯಿಂದ ತೆಗೆದುಕೊಳ್ಳುವುದೇ ಆಗಿತ್ತು, ಇಂದು ಕೊಡುವ ಕೈಯಾದೆನಲ್ಲ ಎನಿಸಿತು. "ಮೇಲೆ ಹತ್ತಿದಾಗ ಫೋನ್ ಕೆಳಗಿಟ್ಟಿರು, ಗೊತ್ತಲ್ಲ?"

"ಗೊತ್ತಪ್ಪ. ನೀನೇ ಕಲಿಸಿದ್ದಲ್ವಾ" ಎಂದು ಮಗ ಏಣಿ ಹೊತ್ತುಕೊಂಡು ಹೋದ.

ಮಧ್ಯಾಹ್ನ ಅಳಿಯನ ಸ್ಕೂಟರಿನ ಸದ್ದಾಯಿತು. ಒಂದು ಕೈಯಲ್ಲಿ ಗರಗಸ, ಇನ್ನೊಂದರಲ್ಲಿ ಮೂಗಿಗೆ ಕಟ್ಟಿಕೊಳ್ಳುವ ಮಾಸ್ಕು. ನೇರವಾಗಿ ಹಿತ್ತಲಿಗೆ ಹೋದವನು ಖಾಲಿ ಗೋಡೆ ನೋಡುತ್ತ ನಿಂತ.

"ಮಾವ, ಇಲ್ಲೊಂದು ಹಳೇ ಏಣಿ ಇತ್ತಲ್ಲ? ಇವತ್ತು ಗಾಳಿ ಇಲ್ಲ, ಕೊಯ್ದು ಬಿಸಾಡೋಣ ಅಂತ ಬಂದೆ."

"ಕೊಯ್ಯೋದಾ? ಯಾಕ್ರೀ ಕೊಯ್ಯೋದು, ಹೊಸದು ಮಾಡಿದ್ದೀನಿ ನೋಡಿ!" ನುಣುಪಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದ. "ಪುಟ್ಟಿ ಹಾಕಿ, ಎರಡು ಕೋಟು ಹೊಡೆದಿದ್ದೀನಿ. ಆ ಬಿರುಕು ಎಲ್ಲಿತ್ತು ಅಂತ ನೀವೇ ಹುಡುಕಿದ್ರೂ ಸಿಗಲ್ಲ. ಬೆಳಿಗ್ಗೆ ಮಗ ಬಂದಿದ್ದ, ಅಂಗಡಿ ಕೆಲಸಕ್ಕೆ ಬೇಕು ಅಂದ, ಕೊಟ್ಟೆ."

ಅಳಿಯ ಗೋಡೆಯ ಬುಡದಲ್ಲೆಲ್ಲ ಕಣ್ಣಾಡಿಸಿದ.

"ಕೆಂಪು ಬಟ್ಟೆ ಕಟ್ಟಿದ್ನಲ್ಲ ಮಾವ..."

"ಅದರಲ್ಲಿ ಕೈ ಒರೆಸಿಕೊಂಡೆ."

ಅಳಿಯ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಗರಗಸವನ್ನು ಮೆಲ್ಲಗೆ ನೆಲದ ಮೇಲಿಟ್ಟು, "ಅದು ಸತ್ತ ಏಣಿ ಮಾವ. ಸೀಳು ಒಳಗಿನ ತನಕ ಹೋಗಿದೆ. ಯಾವಾಗ ಬೇಕಾದ್ರೂ ಎರಡಾಗುತ್ತೆ" ಎಂದ.

ಮಗಳು ಒಳಗಿನಿಂದ ಓಡಿಬಂದು ತನ್ನ ತಮ್ಮನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ ರಿಂಗಾಯಿತು. ಎಲ್ಲಿ ಎತ್ತುತ್ತಾನೆ? ಫೋನು ಕೆಳಗಿರುತ್ತದೆ, ಅವನು ಮೇಲಿರುತ್ತಾನೆ. ಅಪ್ಪ ಹೇಳಿದ ಒಂದು ಮಾತನ್ನೂ ಮೀರದ ಮಗ. ಅಯ್ಯೋ, ಒಂದು ಮಾತು ಮೀರಿದ್ದರೆ ಏನಾಗುತ್ತಿತ್ತು!

ಅಳಿಯನ ಒಳ್ಳೆಯ ಏಣಿ ಎಲ್ಲೋ ದೂರದ ಬೀದಿಯಲ್ಲಿ, ಅವನ ಜೊತೆಗಾರನ ಬಳಿ ಕಂಬಕ್ಕೆ ಒರಗಿತ್ತು. ಹೋಗಿ ತರುವಷ್ಟು ಹೊತ್ತಿರಲಿಲ್ಲ. ಅವನು ಸ್ಕೂಟರ್ ಹತ್ತಿದ. "ನಾನೂ ಬರ್ತೀನಿ" ಎಂದು ನುಣುಪಪ್ಪ ಹಿಂದೆ ಹತ್ತಿದ. ಮಗಳು ಬೇಡ ಎಂದಳು, ಅವನಿಗೆ ಕೇಳಿಸಲಿಲ್ಲ. ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲ.

ದಾರಿಯುದ್ದಕ್ಕೂ ನುಣುಪಪ್ಪನಿಗೆ ಕಂಡದ್ದು ಸತ್ತ ತಮ್ಮನೇ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮುಂದೊಂದು ನೀರಿನ ಟ್ಯಾಂಕರು ಆಮೆಯ ಹಾಗೆ ತೆವಳುತ್ತಿತ್ತು. ಜಗತ್ತಿನಲ್ಲಿ ಯಾರಿಗೂ ಅವಸರವೇ ಇರಲಿಲ್ಲ. ನುಣುಪಪ್ಪ ಅಳಿಯನ ಬೆನ್ನಿಗೆ ಹಣೆ ಒತ್ತಿ, ನನ್ನ ಕೈ ಇನ್ನೂ ಮೊದಲೇ ನಡುಗಬಾರದಿತ್ತೇ, ಪುಟ್ಟಿ ಕಚ್ಚದೆ ಉದುರಿಹೋಗಬಾರದಿತ್ತೇ ಎಂದು ಗೊಣಗುತ್ತಿದ್ದ. ಕೆಲಸ ಕೆಟ್ಟಿರಲಿ ಎಂದು ಅವನು ಹಾರೈಸಿದ್ದು ಜೀವಮಾನದಲ್ಲಿ ಅದೇ ಮೊದಲು.

ಮಗ ಬಿದ್ದಿರಲಿಲ್ಲ. ಅಂಗಡಿಯ ಎರಡನೆಯ ಮಹಡಿಯ ಎತ್ತರದಲ್ಲಿ, ಸೂರಿನಂಚಿನ ಕೆಳಗೆ ನಿಂತು ಬ್ರಶ್ಶಿನಿಂದ ಅಂಚಿನ ಗೆರೆ ಎಳೆಯುತ್ತಿದ್ದ. ಕೆಳಗೆ ಏಣಿ ಹಿಡಿಯುವ ಕೂಲಿಯಾಳು ಊಟಕ್ಕೆ ಹೋಗಿದ್ದ. ಮಗನ ಬಲಗೈ ಚಾಚಿದರೆ ಸಿಗುವಷ್ಟು ದೂರದಲ್ಲಿ ತಂತಿಗಳು ಹಾದುಹೋಗಿದ್ದವು.

ನುಣುಪಪ್ಪ ಬಾಯಿ ತೆರೆದ. ಅಳಿಯ ಅವನ ರಟ್ಟೆ ಹಿಡಿದು, "ಕೂಗ್ಬೇಡಿ" ಎಂದು ಪಿಸುಗುಟ್ಟಿದ. "ಏಣಿ ಸರಿಯಿಲ್ಲ ಅಂದ್ರೆ ಗಾಬರಿ ಆಗ್ತಾನೆ. ಗಾಬರಿ ಆದವನು ಕೈಗೆ ಸಿಕ್ಕಿದ್ದನ್ನ ಹಿಡ್ಕೋತಾನೆ. ಅಲ್ಲಿ ಕೈಗೆ ಸಿಗೋದು ತಂತಿ. ನಿಮಗೆ ಹುಷಾರಿಲ್ಲ ಅಂದ್ರೂ ದಡದಡ ಇಳಿದುಬಿಡ್ತಾನೆ. ಮೆಲ್ಲಗೆ ಇಳಿಯೋ ಹಾಗೆ ಏನಾದ್ರೂ ಹೇಳಿ ಮಾವ. ನೀವೇ ಹೇಳಿ, ನಿಮ್ಮ ಮಾತು ಕೇಳ್ತಾನೆ."

ಅಳಿಯ ಏಣಿಯ ಒಂದು ಕಾಲನ್ನು ಹಿಡಿದ, ನುಣುಪಪ್ಪ ಇನ್ನೊಂದನ್ನು ಅಪ್ಪಿಕೊಂಡ. ಮೇಲಿನಿಂದ ಮಗ ಕೇಳಿದ, "ಯಾರದು? ಯಾಕೆ ಅಲ್ಲಾಡಿಸ್ತಿದ್ದೀರಿ?"

ಅಲ್ಲಾಡಿಸುತ್ತಿದ್ದುದು ನುಣುಪಪ್ಪನ ಕೈ. ಅದು ನಡುಗಿದ ಹಾಗೆಲ್ಲ ಏಣಿಯೂ ನಡುಗುತ್ತಿತ್ತು. ಅಳಿಯ ಅವನನ್ನು ನೋಡಿ, ಬೇಡವೆಂದು ತಲೆಯಾಡಿಸಿದ. ನುಣುಪಪ್ಪ ಏಣಿಯನ್ನು ಬಿಟ್ಟು ಹಿಂದೆ ಸರಿದ. ಮಗನನ್ನು ಹೊತ್ತ ಏಣಿಯನ್ನು ಹಿಡಿದು ನಿಲ್ಲುವುದಕ್ಕೂ ತಾನು ಲಾಯಕ್ಕಿಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕತ್ತೆತ್ತಿ ನಿಂತ.

"ನಾನು ಕಣೋ" ಎಂದ.

ಮಗ ಕತ್ತು ತಿರುಗಿಸಿ ನೋಡಿದ. ಮುಖ ಅರಳಿತು. "ಅಪ್ಪಾ! ನೀನ್ಯಾಕೆ ಬಂದೆ ಇಲ್ಲಿ ತನಕ?"

"ಸುಮ್ನೆ... ನಿನ್ನ ಕೆಲಸ ನೋಡೋಣ ಅಂತ. ಚೆನ್ನಾಗಿದೆ. ಸಾಕು, ಇಳಿದು ಬಾ. ಮೆಲ್ಲಗೆ ಬಾ."

ಮಗನ ಮುಖದ ನಗು ಹಾಗೇ ನಿಂತಿತು. "ಚೆನ್ನಾಗಿದೆಯಾ?"

"ಹ್ಞೂಂ. ಚೆನ್ನಾಗಿದೆ."

"ಎಲ್ಲಿ ಕೆಟ್ಟಿದೆ ಹೇಳಪ್ಪಾ. ಆ ಬಲಗಡೆ ಮೂಲೆಯಾ? ನನಗೂ ಅನುಮಾನ ಇತ್ತು. ತಾಳು, ಇನ್ನೊಂದು ಕೈ ಹೊಡೀತೀನಿ" ಎಂದು ಅವನು ಒಂದೇ ಕಾಲಿನ ಮೇಲೆ ಭಾರ ಬಿಟ್ಟು, ತಂತಿಯ ಕಡೆಗೆ ವಾಲಿ, ಬ್ರಶ್ ಚಾಚಿದ.

ನುಣುಪಪ್ಪ ಒಂದು ಹೆಜ್ಜೆ ಮುಂದಿಟ್ಟ. ಒಂದು ದಿನ, ಒಂದೇ ಒಂದು ದಿನ, ಈ ಹುಡುಗನಿಗೆ ಒಳ್ಳೆಯ ಮಾತು ಹೇಳಿದ್ದರೆ ಇಂದು ನಂಬುತ್ತಿದ್ದ. ಚೆನ್ನಾಗಿದೆ ಎಂದರೆ ಕೆಟ್ಟಿದೆ ಎಂದು ತಿಳಿಯುತ್ತಾನೆ. ಕೆಟ್ಟಿದೆ ಎಂದರೆ ಸರಿ ಮಾಡಲು ಅಲ್ಲೇ ನಿಲ್ಲುತ್ತಾನೆ. ಯಾವ ಮಾತು ಹೇಳಿದರೂ ಮೇಲೇ ಇರುವ ಹಾಗೆ ಅವನನ್ನು ಬೆಳೆಸಿಟ್ಟಾಗಿದೆ.

"ಮೂಲೆ ಸರಿಯಾಗಿದೆ ಕಣೋ!" ಎಂದ ನುಣುಪಪ್ಪ. "ಎಲ್ಲ ಸರಿಯಾಗಿದೆ. ಇಂಥ ಕೆಲಸ ನನ್ನ ಕೈಲೂ ಆಗ್ತಿರಲಿಲ್ಲ. ಗಟ್ಟಿಮುಟ್ಟಾಗಿದ್ದಾಗಲೂ ಆಗ್ತಿರಲಿಲ್ಲ. ನಿಜ ಹೇಳ್ತಿದ್ದೀನಿ."

ಮಗನ ಕೈ ತಡೆಯಿತು. ವಾಲಿದ್ದವನು ನೆಟ್ಟಗೆ ನಿಂತ. ಅಷ್ಟೆತ್ತರದಿಂದಲೂ ಅವನ ಕಣ್ಣು ಒದ್ದೆಯಾದದ್ದು ನುಣುಪಪ್ಪನಿಗೆ ಕಂಡಿತು.

"ನಿಜವಾಗ್ಲೂನಾ?"

"ನಿಜವಾಗ್ಲೂ. ಬಾ ಮಗನೇ."

"ಹಾಗಾದ್ರೆ ಇನ್ನೊಂದು ಚೂರು ಇದೆಯಪ್ಪ, ಅದನ್ನೂ ಮುಗಿಸಿಬಿಡ್ತೀನಿ. ಪೂರ್ತಿ ನೋಡುವಂತೆ!" ಎಂದು ಮಗ ಹುರುಪಿನಿಂದ ಇನ್ನೊಂದು ಮೆಟ್ಟಿಲು ಮೇಲೆ ಹತ್ತಿದ.

ಅಳಿಯ ಕಣ್ಣು ಮುಚ್ಚಿಕೊಂಡ. ನುಣುಪಪ್ಪ ಮುಚ್ಚಿಕೊಳ್ಳಲಿಲ್ಲ. ಏಣಿಯ ಎರಡೂ ಕಾಲುಗಳ ಮೇಲೆ ಕಣ್ಣಾಡಿಸುತ್ತ ಸೀಳು ಹುಡುಕುತ್ತಿದ್ದ. ಎಲ್ಲಿತ್ತು? ಎಡಗಾಲಿನಲ್ಲೋ ಬಲಗಾಲಿನಲ್ಲೋ? ಮಗನ ಪಾದದ ಕೆಳಗೋ ಮೇಲೋ? ಗೊತ್ತಾದರೆ ಇಂಥ ಮೆಟ್ಟಿಲು ತುಳಿಯಬೇಡ ಎಂದಾದರೂ ಹೇಳಬಹುದಿತ್ತು. ಹಳದಿ ಬಣ್ಣ ಮೇಲಿನಿಂದ ಕೆಳಗಿನ ತನಕ ಒಂದೇ ಸಮ ಹೊಳೆಯುತ್ತಿತ್ತು. ಒಂದು ಗೆರೆಯಿಲ್ಲ, ಒಂದು ಉಬ್ಬಿಲ್ಲ. ಅಷ್ಟು ಚೆನ್ನಾಗಿ ಮಾಡಿಟ್ಟಿದ್ದ ಮಹಾರಾಯ.

ಮೇಲಿನ ಚೂರು ಮುಗಿಯುವ ತನಕ ಅವರಿಬ್ಬರೂ ಕಾದರು. ಬೇರೆ ಏನು ಮಾಡಲಾಗುತ್ತಿತ್ತು? ಮಗ ಬ್ರಶ್ ಬಕೆಟ್ಟಿಗೆ ಹಾಕಿ, ಬಕೆಟ್ ತೋಳಿಗೆ ಸಿಕ್ಕಿಸಿಕೊಂಡು, ಇಳಿಯಲು ಶುರು ಮಾಡಿದ. "ಮೆಲ್ಲಗೆ" ಎಂದ ನುಣುಪಪ್ಪ. ಮತ್ತೆ "ಮೆಲ್ಲಗೆ" ಎಂದ. ಪ್ರತಿ ಮೆಟ್ಟಿಲಿಗೂ ಅದೇ ಮಾತು, ಬೇರೆ ಮಾತೇ ಬರಲಿಲ್ಲ. ನಡುವೆ ಎಲ್ಲೋ ಟಿಕ್ ಎಂದು ಸಣ್ಣ ಸದ್ದಾಯಿತು. ಮಗ ಗಮನಿಸಲಿಲ್ಲ. ಅಳಿಯನ ಕೈಯ ನರಗಳು ಉಬ್ಬಿದವು. ಕೊನೆಗೆ ಮಗನ ಬರಿಗಾಲು ನೆಲ ಮುಟ್ಟಿತು.

ನುಣುಪಪ್ಪ ಇದ್ದಲ್ಲೇ ಕುಸಿದು ಕೂತ. ಮಗ ನಗುತ್ತ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಬಿಸಿಲಲ್ಲಿ ಬಂದ್ಯಲ್ಲಪ್ಪ, ಚಪ್ಪಲಿನೂ ಇಲ್ಲ" ಎಂದು ಅಪ್ಪನ ಪಾದ ಒರೆಸಿದ. ಅಂಗಡಿಯ ಕಾವಲುಗಾರ ಹತ್ತಿರ ಬಂದಾಗ ತಡೆದುಕೊಳ್ಳಲಾಗದೆ, "ನಮ್ಮಪ್ಪ. ದೊಡ್ಡ ಮೇಸ್ತ್ರಿ. ನನ್ನ ಕೈಲೂ ಇಂಥ ಕೆಲಸ ಆಗ್ತಿರಲಿಲ್ಲ ಅಂದ್ರು, ಕೇಳಿಸ್ತಾ?" ಎಂದ. ಕಾವಲುಗಾರನಿಗೆ ಏನು ಅರ್ಥವಾಯಿತೋ, ತಲೆಯಾಡಿಸಿದ. ಮಗ ಅಷ್ಟು ಖುಷಿಯಾಗಿದ್ದುದನ್ನು ನುಣುಪಪ್ಪ ಎಂದೂ ನೋಡಿರಲಿಲ್ಲ. ಈಗ ಹೇಳುವುದೋ ಬೇಡವೋ ತಿಳಿಯದೆ ಮಗನ ಮುಖವನ್ನೇ ನೋಡುತ್ತ ಕೂತ.

ಅಷ್ಟರಲ್ಲಿ ಅಳಿಯ ಏಣಿಯನ್ನು ಗೋಡೆಯಿಂದ ಇಳಿಸಿ, ಎರಡು ಕಲ್ಲಿನ ಮೇಲೆ ಅಡ್ಡ ಹಾಕಿ, ಬೂಟುಗಾಲಿನಿಂದ ತುಳಿದ. ಇನ್ನೊಬ್ಬರ ಕೈಗೆ ಸಿಗಬಾರದಲ್ಲ, ಅವನ ಕಸುಬು ಅದು. ಒಂದೇ ತುಳಿತಕ್ಕೆ ಪಟ್ ಎಂದು ಒಂದು ಕಾಲು ಮುರಿಯಿತು. ಹಳದಿ ಪದರ ಸಿಡಿದು, ಒಳಗಿನ ಬೆಳ್ಳಗಿನ ಎಳೆಗಳು ಪೊರಕೆಯ ಹಾಗೆ ಹೊರಗೆ ಬಂದವು. ಪುಟ್ಟಿಯ ಪುಡಿ ನೆಲದ ಮೇಲೆ ಚೆಲ್ಲಿತು.

ಪೇಂಟರಿಗೆ ಪುಟ್ಟಿಯ ಪುಡಿ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಗ ಅದನ್ನು ನೋಡಿದ. ಭಾವನನ್ನು ನೋಡಿದ. ಎತ್ತರದ ಸೂರಿನಂಚನ್ನೂ ತಂತಿಯನ್ನೂ ನೋಡಿದ. ಕೊನೆಗೆ ಅಪ್ಪನನ್ನು ನೋಡಿದ.

"ಇದಕ್ಕಾ ಬಂದಿದ್ದು?"

ನುಣುಪಪ್ಪ ಹೌದೆಂದು ತಲೆಯಾಡಿಸಿದ. "ನನಗೆ ಗೊತ್ತಿರಲಿಲ್ಲ ಕಣೋ. ರಿಪೇರಿ ಅಂದ್ಕೊಂಡೆ. ನಾನೇ ಮುಚ್ಚಿಟ್ಟು ನಿನ್ನ ಕೈಗೆ ಕೊಟ್ಟೆ."

"ಇರಲಿ ಬಿಡಪ್ಪ. ಏನೂ ಆಗ್ಲಿಲ್ವಲ್ಲ" ಎಂದ ಮಗ. ಸಿಟ್ಟಿರಲಿಲ್ಲ ಅವನಲ್ಲಿ. ಬಕೆಟ್ ಎತ್ತಿಕೊಂಡು ಅಂಗಡಿಯ ಪಕ್ಕದ ನಲ್ಲಿಯ ಕಡೆ ನಡೆದ.

ಆಗ ನುಣುಪಪ್ಪ ಮೊದಲ ಸಲ ಗೋಡೆಯನ್ನು ನೋಡಿದ. ಅಲ್ಲಿಯ ತನಕ ಅವನು ಗೋಡೆಯನ್ನು ನೋಡಿಯೇ ಇರಲಿಲ್ಲ, ಎಲ್ಲಿ ನೋಡುತ್ತಾನೆ? ಬೆಳಕು ಓರೆಯಾಗಿ ಬೀಳುತ್ತಿತ್ತು, ತಪ್ಪು ಹುಡುಕುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕತ್ತು ಓರೆ ಮಾಡಿ ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಎದ್ದು ಹೋಗಿ ಒಣಗಿದ ಕಡೆ ಬೆರಳಾಡಿಸಿದ. ಎಲ್ಲಿಯೂ ತಡೆಯಲಿಲ್ಲ. ಕಿಟಕಿಯ ಸುತ್ತ, ಸೂರಿನಂಚಿನ ಗುಂಟ, ಕಷ್ಟದ ಮೂಲೆಗಳಲ್ಲೆಲ್ಲ ಗೆರೆ ನೂಲು ಹಿಡಿದಂತಿತ್ತು. ತನ್ನ ಕೈಯಿಂದ ನಿಜಕ್ಕೂ ಆಗುತ್ತಿರಲಿಲ್ಲ.

"ಲೋ," ಎಂದು ಅವನು ಮಗನ ಹಿಂದೆ ನಲ್ಲಿಯ ಹತ್ತಿರ ಹೋದ. "ಗೋಡೆ ನಿಜವಾಗ್ಲೂ ಚೆನ್ನಾಗಿದೆ ಕಣೋ. ಆಗ ಹೇಳಿದ್ದಲ್ಲ, ಈಗ ನೋಡಿ ಹೇಳ್ತಿದ್ದೀನಿ."

ಮಗ ನಲ್ಲಿ ತಿರುಗಿಸಿ ಬ್ರಶ್ ತೊಳೆಯುತ್ತಿದ್ದ. "ಹ್ಞೂಂ ಅಪ್ಪ."

"ನನ್ನಾಣೆ. ಆ ಮೂಲೆ ಇದೆಯಲ್ಲ, ನಾನು ಮಾಡಿದ್ರೆ ಹಾಗೆ ಬರ್ತಿರಲಿಲ್ಲ."

"ಗೊತ್ತಾಯ್ತು ಬಿಡಪ್ಪ." ಮಗ ತಲೆಯೆತ್ತಿ ನಕ್ಕ. ಚಿಕ್ಕ ಮಕ್ಕಳನ್ನು ಸಮಾಧಾನ ಮಾಡುವಾಗ ನಗುತ್ತಾರಲ್ಲ, ಹಾಗೆ. "ಮೇಲೆ ನಿಂತಿದ್ದವನು ನನ್ನ ಮಗ ಆಗಿದ್ರೆ ನಾನೂ ಅದನ್ನೇ ಹೇಳ್ತಿದ್ದೆ."

ನುಣುಪಪ್ಪ ಮತ್ತೊಮ್ಮೆ ಹೇಳಿದ. ಹೇಳಿದಷ್ಟೂ ಸುಳ್ಳಿನ ಹಾಗೆ ಕೇಳಿಸುತ್ತಿತ್ತು, ಅವನ ಕಿವಿಗೇ ಹಾಗೆ ಕೇಳಿಸುತ್ತಿತ್ತು. ಮಗ ಬ್ರಶ್ಶಿನ ನೀರು ಕೊಡವಿ, ಅಪ್ಪನ ನಡುಗುವ ಕೈ ಹಿಡಿದುಕೊಂಡು, "ಬಾ, ಮನೆಗೆ ಬಿಟ್ಟು ಬರ್ತೀನಿ" ಎಂದ.